ಎಡ ಬಗಲಿನ ಹಾಜಿಮಲಂಗ್

ಹಾಜಿಮಲಂಗ್ ಶಹಾಬಾದಿನ ಪಕ್ಕದ ಭಂಕೂರಿನವನು. ಖಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಸೀಳುವ ಕೆಲಸ ಮಾಡುತ್ತಿದ್ದ. ಬೆಳಿಗ್ಗೆ ಕೆಳಗಿಳಿದರೆ ನಾಲ್ಕು ಗಂಟೆಯ ಭೋಂಗಾ ಕೂಗುವವರೆಗೆ ಮೇಲೆ ಬರುವಂತಿರಲಿಲ್ಲ. ಬಂದಾಗ ಹುಬ್ಬು, ರೆಪ್ಪೆ, ಮೀಸೆ ಎಲ್ಲ ಬೂದಿಯ ಬಣ್ಣಕ್ಕೆ ತಿರುಗಿರುತ್ತಿದ್ದವು. ಮುಖ ತೊಳೆದು ನೇರವಾಗಿ ಮೈದಾನಕ್ಕೆ ಬರುತ್ತಿದ್ದ. ಎತ್ತರದ ಆಳಲ್ಲ, ಮೊಣಕಾಲುಗಳು ಸ್ವಲ್ಪ ಒಳಕ್ಕೆ ಬಾಗಿದ್ದವು. ನಡೆಯುವಾಗ ನೋಡಿದವರು ಇವನು ಓಡಬಲ್ಲ ಎಂದು ನಂಬುತ್ತಿರಲಿಲ್ಲ.

ನಾನು ಗುರುಲಿಂಗಪ್ಪ, ಶಹಾಬಾದ್ ಸ್ಟೇಷನ್ನಿನ ಮಾಲು ಗೋದಾಮಿನಲ್ಲಿ ಗುಮಾಸ್ತ. ಖಣಿಯವರೂ ಸ್ಟೇಷನ್ನಿನವರೂ ಬಜಾರಿನವರೂ ಸೇರಿ ಆಡುತ್ತಿದ್ದ ಫುಟ್ಬಾಲು ತಂಡದಲ್ಲಿ ಅವನು ಲೆಫ್ಟ್ ಔಟ್, ನಾನು ಎಡಗಡೆಯ ಬ್ಯಾಕ್. ಅವನು ಚೆಂಡು ತೆಗೆದುಕೊಂಡು ಅಂಚಿನ ಗೆರೆ ಹಿಡಿದು ಓಡಿದರೆ, ಬಿಟ್ಟುಹೋದ ಜಾಗವನ್ನೆಲ್ಲ ಕಾಯುವುದು ನನ್ನ ಪಾಲಿಗೆ ಬರುತ್ತಿತ್ತು. ಹೀಗಾಗಿ ಅವನ ಆಟವನ್ನು ನಾನು ನೋಡಿದ್ದೆಲ್ಲ ಬೆನ್ನಿನ ಕಡೆಯಿಂದ.

ತಂಡವನ್ನು ಕಟ್ಟಿದವರು ಅಬ್ದುಲ್ ಮಜೀದ ಸಾಹೇಬರು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ನೌಕರಿಯಲ್ಲಿದ್ದಾಗ ಸಿಕಂದರಾಬಾದಿನಲ್ಲಿ ಇಳಿದಾಗಲೆಲ್ಲ ಫೌಜಿನವರ ಆಟ ನೋಡಿಕೊಂಡು ಬರುತ್ತಿದ್ದರಂತೆ. ನಮ್ಮ ಕಡೆಯ ಉಳಿದ ತಂಡಗಳು ಚೆಂಡನ್ನು ನಟ್ಟನಡುವೆ ಗುದ್ದಾಡಿಕೊಂಡು ಹೋಗುತ್ತಿದ್ದವು. ಮಜೀದ ಸಾಹೇಬರು ನಮಗೆ ಕಲಿಸಿದ್ದು ಬದಿಯಿಂದ ಆಡುವ ಬಗಲಿನ ಆಟ.

"ನಡುವ ಹತ್ತು ಕಾಲು ಅಡ್ಡ ಬರ್ತಾವ. ಅಂಚಿನ್ಯಾಗ ಒಬ್ಬನೇ ಇರ್ತಾನ. ಅಲ್ಲಿಂದ ಹೋಗ್ರಿ," ಎಂದು ಅವರು ಹೇಳುತ್ತಿದ್ದರು. "ನಿಮ್ಮನ್ನ ಹಿಡೀಲಿಕ್ಕ ಅವರು ಅಂಚಿಗಿ ಓಡಿ ಬಂದ್ರಂದ್ರ ನಡುವ ಬಾಗಲ ತೆರೀತದ. ಆಗ ಚೆಂಡು ಒಳಗ ಹಾಕ್ರಿ."

ಇದಕ್ಕಾಗಿ ನಡುವಿನ ಹಾಫ್‌ಗಳನ್ನೂ ಅವರು ಎರಡು ಬದಿಗೆ ಸರಿಸಿ, ಓಡುವವರ ಬೆನ್ನಿಗೆ ನಿಲ್ಲಿಸಿದ್ದರು. ಒಂದು ದಿನ ನಾನು ಕೇಳಿದೆ. "ಅಂಚಿನ್ಯಾಗ ಚೆಂಡು ಕಳಕೊಂಡ್ರ ಏನ್ ಮಾಡೋದ್ರಿ, ಸಾಹೇಬ್ರ? ನಡುವ ನಮ್ಮವರು ಯಾರೂ ಇರಂಗಿಲ್ಲ."

"ಅದೇ ಈ ಆಟದ ಖೋಡಿ," ಎಂದರು. "ಕಳಕೊಂಡ್ರ ನಿನ್ನ ಮ್ಯಾಲ ಮೂರು ಮಂದಿ ಬರ್ತಾರ. ಗೊತ್ತಿದ್ದೇ ಆಡಬೇಕು. ಇನ್ನೊಂದು ಮಾತದ. ಎರಡೂ ಬಗಲು ಗಟ್ಟಿ ಇರಬೇಕು. ಒಂದೇ ಕಡಿ ಓಡ್ತೀವಂತ ಅವರಿಗಿ ತಿಳೀತಂದ್ರ ಆ ಕಡಿ ಮುಚ್ಚಿಬಿಡ್ತಾರ."

ಆಗ ನಮಗೆ ಎರಡೂ ಬಗಲು ಗಟ್ಟಿಯಾಗಿದ್ದವು. ಬಲಗಡೆ ಓಡುತ್ತಿದ್ದವನು ಅಮೀರ್ ಅಲಿ, ಹಾಜಿಮಲಂಗನ ಚಿಕ್ಕಮ್ಮನ ಮಗ, ಬಜಾರಿನ ದರ್ಜಿ ಅಂಗಡಿಯಲ್ಲಿ ಕೂಡುತ್ತಿದ್ದವನು. ತಾಯಿ ಬೇಗ ತೀರಿದ್ದರಿಂದ ಹಾಜಿಮಲಂಗನ ಮನೆಯಲ್ಲೇ ಬೆಳೆದಿದ್ದ. ಹಾಜಿಮಲಂಗ್ ಎಡ ಮೂಲೆಯ ತನಕ ಓಡಿ ಅಲ್ಲಿಂದ ಚೆಂಡನ್ನು ಎಲ್ಲರ ತಲೆಯ ಮೇಲಿಂದ ಆಚೆ ಬದಿಗೆ ಹಾರಿಸುತ್ತಿದ್ದ. ಅದು ಬೀಳುವ ಜಾಗಕ್ಕೆ ಅಮೀರ್ ಬಂದೇ ಇರುತ್ತಿದ್ದ. ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ, ಕೂಗುತ್ತಲೂ ಇರಲಿಲ್ಲ. ನಲವತ್ತೇಳರ ಚಳಿಗಾಲದಲ್ಲಿ ಚಿತ್ತಾಪುರದವರಿಗೂ ಸೇಡಂದವರಿಗೂ ನಾವು ಹೀಗೆಯೇ ಗೋಲು ಹಾಕಿದೆವು.

ಮುಂದಿನ ವರ್ಷ ಆಟ ನಿಂತಿತು. ರಜಾಕಾರರ ಹಾವಳಿ ಹಳ್ಳಿಹಳ್ಳಿಗೆ ಹಬ್ಬಿತು. ದಂಡೋತಿಯ ಹತ್ತಿರ ನನ್ನ ಸೋದರಮಾವನ ಬಣವಿ, ಕೊಟ್ಟಿಗೆ ಎರಡನ್ನೂ ಸುಟ್ಟರು. ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ಫೌಜು ಬಂತು, ಐದೇ ದಿನದಲ್ಲಿ ನಿಜಾಮರ ಸರಕಾರ ಶರಣಾಯಿತು. ಆಮೇಲೆ ಸೇಡು ತೀರಿಸಿಕೊಳ್ಳುವವರು ಹೊರಟರು. ಸುಟ್ಟವರು ಓಡಿಹೋಗಿದ್ದರು. ಸಿಕ್ಕವರು ಊರಲ್ಲೇ ಉಳಿದಿದ್ದ ಬೇರೆ ಮುಸಲ್ಮಾನರು.

ಅಮೀರ್ ಅಲಿಯ ಅಕ್ಕ ಖುರ್ಷಿದಬೇಗಂಳನ್ನು ಚಿಂಚೋಳಿ ತಾಲೂಕಿನ ಕೊಡ್ಲಿಗೆ ಮದುವೆ ಮಾಡಿ ಕೊಟ್ಟಿದ್ದರು. ಆ ಕಡೆ ಗಲಭೆ ಎಂದು ಸುದ್ದಿ ಬಂದ ಕೂಡಲೇ ಅಮೀರ್ ಗುಲಾಬಿ ಬಣ್ಣದ ಅಂಗಿ ತೊಟ್ಟು ಅವಳನ್ನು ಕರೆತರುತ್ತೇನೆಂದು ಹೊರಟ. ಎಲ್ಲರೂ ಬೇಡವೆಂದರು. ಹದಿನೈದು ದಿನದ ನಂತರ ಖುರ್ಷಿದಬೇಗಂ ಬೇರೆ ಯಾರದೋ ಬಂಡಿಯಲ್ಲಿ ಶಹಾಬಾದಿಗೆ ಬಂದಿಳಿದಳು. ತಮ್ಮ ಎಲ್ಲಿ ಎಂದು ಹಾಜಿಮಲಂಗನ ಮನೆಯವರನ್ನೇ ಕೇಳಿದಳು. ಅವನು ಕೊಡ್ಲಿಗೆ ಮುಟ್ಟಿರಲೇ ಇಲ್ಲ.

ಹುಡುಕಲು ಹಾಜಿಮಲಂಗನ ಜೊತೆ ನಾನೂ ಹೋದೆ. ನನ್ನ ಹಣೆಯ ವಿಭೂತಿ ನೋಡಿ ಜನ ಸುಮ್ಮನೆ ಬಿಡಲಿ ಎಂಬ ಲೆಕ್ಕ. ಅವನಿಗೂ ಒಂದು ಹಳೆ ರುಮಾಲು ಸುತ್ತಿ, ಮಾತಾಡಬೇಡ ಎಂದು ಹೇಳಿದ್ದೆ. ನಾಲ್ಕು ದಿನ ನಡೆದೆವು. ಕೆಲವು ಊರುಗಳಲ್ಲಿ ನಮ್ಮನ್ನು ನೋಡಿ ಬಾಗಿಲು ಹಾಕಿಕೊಂಡರು. ಕೆಲವು ಕಡೆ ಹಾಕಿಕೊಳ್ಳಲು ಬಾಗಿಲೇ ಉಳಿದಿರಲಿಲ್ಲ.

ಕೊಡ್ಲಿ ಇನ್ನೂ ಎರಡು ಹರದಾರಿ ಇರುವಾಗ ಒಂದು ತೋಟದ ಬಾವಿ ಸಿಕ್ಕಿತು. ನೀರಡಿಸಿ ನಾನು ಅತ್ತ ತಿರುಗಿದೆ. ದೂರದಲ್ಲಿ ತೊಗರಿ ಹೊಲದ ಕಳೆ ಕೀಳುತ್ತಿದ್ದ ಮುದುಕಿ ಎದ್ದು ನಿಂತು ಕೈ ಬೀಸಿದಳು. ಬಸ್ಸಮ್ಮ ಎಂದು ಆಮೇಲೆ ಹೆಸರು ಹೇಳಿದಳು.

"ಆ ಬಾವಿಗಿ ಹೋಗಬ್ಯಾಡ್ರಪ್ಪ. ಆ ನೀರು ಈಗ ಯಾರೂ ಕುಡ್ಯಂಗಿಲ್ಲ," ಎಂದಳು. ತನ್ನ ಬಿಂದಿಗೆಯಿಂದ ನಮ್ಮ ಬೊಗಸೆಗೆ ನೀರು ಹೊಯ್ದಳು.

ಹಾಜಿಮಲಂಗ್ ಮಾತಾಡಬಾರದೆಂಬುದನ್ನು ಮರೆತ. "ಯವ್ವಾ, ಅದರಾಗ ಗುಲಾಬಿ ಬಣ್ಣದ ಅಂಗಿ ಹಾಕ್ಕೊಂಡ ಹುಡುಗ ಇದ್ದನೇನು?"

ಮುದುಕಿ ಅವನ ಮುಖ ನೋಡಿದಳು. ಅವನು ಮುಸಲ್ಮಾನನೆಂದು ಅವಳಿಗೆ ತಿಳಿಯಿತು. "ನಾ ಇಣುಕಿ ನೋಡಿಲ್ಲ ಮಗನ," ಎಂದಳು. "ಮಣ್ಣು ಹಾಕ್ಯಾರ. ನೀವು ಹೊತ್ತು ಇರೋದ್ರಾಗ ಈ ಸೀಮಿ ದಾಟ್ರಿ."

ಅವನು ಬಾವಿಯ ಕಡೆಗೆ ಹತ್ತು ಹೆಜ್ಜೆ ಹೋಗಿ ನಿಂತ. ಕಟ್ಟೆಯ ತನಕ ಹೋಗಲಿಲ್ಲ. ನಿಂತಲ್ಲೇ ಬೊಗಸೆ ಹಿಡಿದು ತುಟಿಯಲ್ಲಿ ಏನೋ ಹೇಳಿಕೊಂಡ. ನಾವು ಅಲ್ಲಿಂದ ಹಿಂದಿರುಗಿದೆವು. ಅಮೀರ್ ಸತ್ತನೆಂದು ಯಾರೂ ಕಣ್ಣಾರೆ ಕಂಡು ಹೇಳಲಿಲ್ಲ, ಹೀಗಾಗಿ ಮನೆಯವರಿಗೆ ಸರಿಯಾಗಿ ಅಳಲಿಕ್ಕೂ ಆಗಲಿಲ್ಲ.

ತಂಡ ಮತ್ತೆ ಕೂಡಿದ್ದು ಐವತ್ತನೇ ಇಸವಿಯಲ್ಲಿ. ಮಜೀದ ಸಾಹೇಬರ ಅಣ್ಣತಮ್ಮಂದಿರು ಕರಾಚಿಗೆ ಹೋದರು, ಇವರು ಹೋಗಲಿಲ್ಲ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಲಗಡೆಗೆ ಅಮೃತಪ್ಪನನ್ನು ನಿಲ್ಲಿಸಿದರು. ಅಮೃತಪ್ಪ ಕಿರಾಣಿ ಅಂಗಡಿಯವನು, ಆಟದ ಹುಚ್ಚಿನವನು, ಒಳ್ಳೆಯವನು. ಆದರೆ ಅವನಿಗೆ ಓಟವಿರಲಿಲ್ಲ.

ಹಾಜಿಮಲಂಗನ ಓಟ ಹಾಗೇ ಇತ್ತು. ಎಡ ಮೂಲೆಗೆ ಹೋಗುತ್ತಿದ್ದ, ಚೆಂಡನ್ನು ಮೊದಲಿನ ಹಾಗೆಯೇ ದೂರದ ಬದಿಗೆ ಹಾರಿಸುತ್ತಿದ್ದ. ಅಮೃತಪ್ಪ ಇನ್ನೂ ಇಪ್ಪತ್ತು ಮಾರು ಹಿಂದಿರುತ್ತಿದ್ದ. ಚೆಂಡು ಖಾಲಿ ನೆಲದ ಮೇಲೆ ಪುಟಿದು ಗೆರೆಯಾಚೆ ಹೋಗುತ್ತಿತ್ತು, ಇಲ್ಲವೆ ಎದುರಿನವರಿಗೆ ಸಿಗುತ್ತಿತ್ತು. ಸಿಕ್ಕ ಕೂಡಲೇ ಅವರು ನಡುವಿನ ಖಾಲಿ ಜಾಗದಲ್ಲಿ ಹಾಯ್ದು ನನ್ನ ಮೇಲೆ ಬರುತ್ತಿದ್ದರು.

"ಮಲಂಗಾ, ಹತ್ತಿರ ಹಾಕು. ರೇವಣಸಿದ್ದಯ್ಯನ ತಲಿಗಿ ಹಾಕು," ಎಂದು ಮಜೀದ ಸಾಹೇಬರು ಎಷ್ಟೋ ಸಲ ಹೇಳಿದರು. ರೇವಣಸಿದ್ದಯ್ಯ ನಮ್ಮ ಸೆಂಟರ್ ಫಾರ್ವರ್ಡ್, ಮಠದ ಮನೆತನದವನು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ.

ಹಾಜಿಮಲಂಗ್ ಹೂಂ ಅನ್ನುತ್ತಿದ್ದ. ಎರಡು ಸಲ ಹತ್ತಿರ ಹಾಕುತ್ತಿದ್ದ, ಮೂರನೆಯದು ಮತ್ತೆ ದೂರ ಹೋಗುತ್ತಿತ್ತು. ಒಮ್ಮೆ ನಾನು ಸಿಟ್ಟಿನಿಂದ ಕೇಳಿದೆ. "ಆ ಕಡಿ ಯಾರಿಲ್ಲಂತ ಗೊತ್ತದ. ಆದ್ರೂ ಯಾಕ ಹೊಡೀತಿ?"

"ಖಣ್ಯಾಗಿದ್ದಾಗ ಅವ ಇಲ್ಲಂತ ಗೊತ್ತಿರ್ತದ," ಎಂದ. "ಓಡಾಕತ್ತಿದಾಗ ನೆನಪಿರಂಗಿಲ್ಲ, ಗುರುಲಿಂಗ. ಕಾಲು ತಾನೇ ಹೊಡೀತದ."

ನಾನು ಮತ್ತೆ ಆ ಮಾತು ತೆಗೆಯಲಿಲ್ಲ.

ಹಾಜಿಮಲಂಗನಿಗೆ ಕೆಮ್ಮು ಶುರುವಾದದ್ದು ಐವತ್ತೆರಡರ ಮಳೆಗಾಲದಲ್ಲಿ. ಖಣಿಯವರಿಗೆಲ್ಲ ಕೆಮ್ಮು ಇರುತ್ತದೆ ಎಂದು ಯಾರೂ ಲಕ್ಷ್ಯ ಕೊಡಲಿಲ್ಲ. ಅದೇ ದಿನಗಳಲ್ಲಿ ಖಣಿಯ ಮಾಲೀಕನಿಗೆ ಆಟದ ಹುರುಪು ಬಂದಿತ್ತು. ವಾಡಿಯಲ್ಲಿ ಜನವರಿಗೆ ಕಪ್ ಪಂದ್ಯಗಳು ಗೊತ್ತಾಗಿದ್ದವು. ಕಪ್ ತಂದರೆ ತಂಡದಲ್ಲಿರುವ ಖಣಿಯವರನ್ನು ಕೆಳಗಿನ ಕೆಲಸದಿಂದ ಮೇಲಕ್ಕೆ ತೆಗೆದು ಗೇಟಿಗೆ, ಗೋದಾಮಿಗೆ ಹಾಕುತ್ತೇನೆ ಎಂದು ಅವನು ಎಲ್ಲರ ಮುಂದೆ ಹೇಳಿದ. ಹಾಜಿಮಲಂಗನಿಗೆ ಗೇಟಿನ ಕೆಲಸ ಎಂದೂ ಹೆಸರಿಟ್ಟು ಹೇಳಿದ. ಗೇಟಿನಲ್ಲಿ ಬೇವಿನ ನೆರಳಿತ್ತು, ಧೂಳು ಅಷ್ಟು ಬರುತ್ತಿರಲಿಲ್ಲ.

ಕಡೆಯ ಪಂದ್ಯಕ್ಕೆ ಮೂರು ದಿನ ಇರುವಾಗ ಹಾಜಿಮಲಂಗನ ಹೆಂಡತಿ ಜೈತುನ್ಬೀ ಗೋದಾಮಿಗೆ ಬಂದಳು. ಸೊಂಟದ ಮೇಲೆ ಎರಡು ವರ್ಷದ ಮಗಳಿದ್ದಳು. ನಾನು ಕುರ್ಚಿ ತೋರಿಸಿ "ಕುಂದ್ರಿ ಭಾಬಿ" ಎಂದೆ. ಅವಳು ಕೂಡಲಿಲ್ಲ.

"ಗುರುಲಿಂಗಣ್ಣ, ಅವರಿಗಿ ಆಡಸಬ್ಯಾಡ್ರಿ," ಎಂದಳು. "ಹದಿನೈದು ದಿನ ಆಯ್ತು, ಕೆಮ್ಮಿದ್ರ ರಕ್ತ ಬೀಳಾಕತ್ತದ. ದವಾಖಾನಿ ಡಾಕ್ಟರ್ ಖಣಿನೂ ಬ್ಯಾಡ, ಓಡೋದೂ ಬ್ಯಾಡ ಅಂದಾರ. ನಿಮಗ ಹೇಳಬ್ಯಾಡಂತ ನನಗ ಆಣಿ ಹಾಕ್ಯಾರ."

"ಅವಗ ನಾ ಹೇಳ್ತೀನಿ," ಎಂದೆ.

"ಅವರು ಕೇಳಂಗಿಲ್ಲ. ಮಜೀದ ಸಾಹೇಬ್ರಿಗಿ ಹೇಳ್ರಿ. ಅವರು ಬ್ಯಾಡಂದ್ರ ಬಿಡ್ತಾರ."

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಅವಳು ಹೋದಳು. ಆ ಸಂಜೆ ಮಜೀದ ಸಾಹೇಬರ ಮನೆಯ ತನಕ ಹೋದೆ. ಅವರು ಕಟ್ಟೆಯ ಮೇಲೆ ಕೂತು ಚೆಂಡಿನ ಚರ್ಮಕ್ಕೆ ಎಣ್ಣೆ ಹಚ್ಚುತ್ತಿದ್ದರು. "ಎಡಗಡಿ ಒಂದೇ ಈಗ ನಮಗುಳದದ್ದು, ಗುರುಲಿಂಗ," ಎಂದರು. ಮಲಂಗ್ ಇಲ್ಲದಿದ್ದರೆ ನಾವು ಗೆಲ್ಲುವುದಿಲ್ಲ ಎಂದು ನನಗೂ ಗೊತ್ತಿತ್ತು. ಗೆದ್ದರೆ ಅವನು ಖಣಿಯಿಂದ ಮೇಲೆ ಬರುತ್ತಾನೆ, ಸೋತರೆ ಅಲ್ಲೇ ಸಾಯುತ್ತಾನೆ, ಒಂದು ಪಂದ್ಯ ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ಸುಳ್ಳಲ್ಲ. ಕಪ್ ಹಿಡಿದು ಮೆರವಣಿಗೆಯಲ್ಲಿ ಬರುವ ಆಸೆ ನನಗೂ ಇತ್ತು, ಅದೂ ನಿಜ. ಚಹಾ ಕುಡಿದು ಏನೂ ಹೇಳದೆ ಎದ್ದು ಬಂದೆ.

ವಾಡಿಯ ಮೈದಾನ ರೈಲು ಹಳಿಯ ಬದಿಗಿತ್ತು. ಎದುರಾಳಿಗಳು ರಾಯಚೂರಿನಿಂದ ಬಂದವರು. ಹನ್ನೆರಡನೇ ನಿಮಿಷಕ್ಕೆ ಹಾಜಿಮಲಂಗ್ ತನ್ನ ಮೇಲೆ ಬಂದವನನ್ನು ಹೊರಗಿನಿಂದ ದಾಟಿ ಮೂಲೆಗೆ ಹೋದ. ಈ ಸಲ ಚೆಂಡನ್ನು ಹತ್ತಿರ ಹಾಕಿದ. ರೇವಣಸಿದ್ದಯ್ಯ ನಿಂತಲ್ಲೇ ತಲೆ ಕೊಟ್ಟ, ಗೋಲಾಯಿತು. ಶಹಾಬಾದಿನಿಂದ ಬಂದ ಜನ ಟೋಪಿ, ರುಮಾಲು ಮೇಲಕ್ಕೆ ಎಸೆದರು.

ಹತ್ತು ನಿಮಿಷದಲ್ಲಿ ರಾಯಚೂರಿನವರಿಗೆ ನಮ್ಮ ಆಟ ತಿಳಿದುಹೋಯಿತು. ಅವರ ನಾಯಕ ನಮ್ಮ ಬಲಗಡೆಯನ್ನು ಕಾಯುವುದನ್ನೇ ಬಿಡಿಸಿದ. ಅಮೃತಪ್ಪ ಒಬ್ಬನೇ ನಿಂತುಕೊಂಡ, ಅವನ ಹತ್ತಿರ ಒಬ್ಬರೂ ಇರಲಿಲ್ಲ. ಅಲ್ಲಿಂದ ತೆಗೆದವನನ್ನು ಹಾಜಿಮಲಂಗನ ಮೇಲೆ ಹಾಕಿದರು. ಒಬ್ಬ ಎದುರಿಗೆ, ಒಬ್ಬ ಹಿಂದೆ. ಚೆಂಡು ಬರಲು ಬಿಡುತ್ತಿದ್ದರು, ಬಂದ ಮೇಲೆ ಗೆರೆಗೆ ಒತ್ತಿ ಕಸಿದುಕೊಳ್ಳುತ್ತಿದ್ದರು. ಅವನು ಅಷ್ಟು ದೂರ ಓಡಿದ್ದು ವ್ಯರ್ಥವಾಗುತ್ತಿತ್ತು, ಮತ್ತೆ ಹಿಂದಕ್ಕೆ ಓಡಬೇಕಾಗುತ್ತಿತ್ತು.

ಅರ್ಧ ಆಟ ಮುಗಿದಾಗ ನಾವೇ ಒಂದು ಗೋಲು ಮುಂದಿದ್ದೆವು. ನೀರಿನ ಹರವಿಯ ಹಿಂದೆ ಹಾಜಿಮಲಂಗ್ ಬಗ್ಗಿ ನಿಂತು ಕರ್ಚೀಫಿನಲ್ಲಿ ಉಗುಳಿ, ಅದನ್ನು ಮಡಿಸಿ ಚಡ್ಡಿಯ ಕಿಸೆಗೆ ಹಾಕಿಕೊಂಡ. ತಲೆ ಎತ್ತಿದಾಗ ನಾನು ನೋಡುತ್ತಿದ್ದೆ. ಅವನು ನನ್ನ ಕಡೆ ಸಣ್ಣಗೆ ತಲೆ ಅಲ್ಲಾಡಿಸಿದ, ಹೇಳಬೇಡ ಎಂಬಂತೆ.

ಮಜೀದ ಸಾಹೇಬರು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. "ಆಡ್ತಿಯೇನು?"

"ಆಡ್ತೀನ್ರಿ."

"ಒಳಗ ಸರಕೊಂಡು ನಿಲ್ತಿ? ನಡುವ ಮಂದಿ ಇಲ್ಲ."

"ಅಂಚು ಬಿಟ್ರ ನನಗ ಆಟ ಬರಂಗಿಲ್ರಿ," ಎಂದ.

ಸಾಹೇಬರು ಅವನ ಹೆಗಲಿನಿಂದ ಕೈ ತೆಗೆದು "ಆಯ್ತು" ಎಂದರು. ನಾನೂ ಬಾಯಿ ಬಿಡಲಿಲ್ಲ.

ಎರಡನೇ ಅರ್ಧದಲ್ಲಿ ಆದದ್ದನ್ನು ನಾನು ಎಲ್ಲರಿಗಿಂತ ಹತ್ತಿರದಿಂದ ಕಂಡೆ. ಚೆಂಡು ಎಡ ಅಂಚಿಗೆ ಹೋಗುವುದು, ಇಬ್ಬರು ಕಸಿಯುವುದು, ನಡುವಿನ ಬಯಲಿನಲ್ಲಿ ಮೂವರು ಬರುವುದು. ನಾನು ಒಬ್ಬನ ಕಡೆ ಹೋದರೆ ಇನ್ನಿಬ್ಬರು ಖಾಲಿ. ಒಂದು ಗೋಲಾಯಿತು. ಎಂಟು ನಿಮಿಷ ಬಿಟ್ಟು ಅದೇ ದಾರಿಯಲ್ಲಿ ಇನ್ನೊಂದಾಯಿತು.

ಮೂರನೇ ಸಲ ಅವರು ಬಂದಾಗ ಅವರ ಹಿಂದಿನಿಂದ ಓಡುವ ಸಪ್ಪಳ ಕೇಳಿತು. ಹಾಜಿಮಲಂಗ್ ಎದುರಿನ ಮೂಲೆಯಿಂದ ನಮ್ಮ ಗೋಲಿನ ತನಕ ಇಡೀ ಮೈದಾನ ಓಡಿಕೊಂಡು ಬಂದಿದ್ದ. ಕಾಲು ಹಾಕಿ ಚೆಂಡು ಕಸಿದೇಬಿಟ್ಟ. ಆಮೇಲೆ ಅದನ್ನು ಹೊಡೆಯಲು ಅವನಲ್ಲಿ ಉಸಿರಿರಲಿಲ್ಲ. ಮೊಣಕಾಲೂರಿ ಕೂತ. ಕೆಮ್ಮು ಬಂತು, ಬಾಯಿಗೆ ಹಿಡಿದ ಅಂಗೈ ತುಂಬಿ ರಕ್ತ ಮಣ್ಣಿಗೆ ಬಿತ್ತು. ಪಕ್ಕದಲ್ಲೇ ನಿಂತಿದ್ದ ಚೆಂಡನ್ನು ರಾಯಚೂರಿನ ಹುಡುಗ ಮುಟ್ಟಲಿಲ್ಲ. ಹೆದರಿ ಹಿಂದೆ ಸರಿದ. ನಾನೇ ಅದನ್ನು ಹೊರಗೆ ಒದ್ದೆ.

ಆಗ ಒಬ್ಬನ ಬದಲಿಗೆ ಇನ್ನೊಬ್ಬನನ್ನು ಇಳಿಸುವ ಪದ್ಧತಿ ಇರಲಿಲ್ಲ. ಅವನನ್ನು ಹಿಡಿದು ಹೊರಗೆ ಕೂಡಿಸಿದೆವು. ಹತ್ತು ಮಂದಿ ಆಡಿ ಇನ್ನೊಂದು ಗೋಲು ತಿಂದೆವು. ಮೂರು–ಒಂದು. ಜನ ಸದ್ದಿಲ್ಲದೆ ಸ್ಟೇಷನ್ನಿನ ಕಡೆ ನಡೆದರು.

ಮಾಲೀಕ ಕೊಟ್ಟ ಮಾತು ಕಪ್ ತಂದರೆ ಮಾತ್ರ ಎಂದಾಗಿತ್ತು. ಒಂದು ವಾರ ಮಲಗಿ ಎದ್ದು ಹಾಜಿಮಲಂಗ್ ಮತ್ತೆ ಖಣಿಗೆ ಇಳಿದ. ಯುಗಾದಿಯ ಹೊತ್ತಿಗೆ ಸುತ್ತಿಗೆ ಎತ್ತಲು ಆಗದಂತಾದ. ಮಜೀದ ಸಾಹೇಬರೇ ಓಡಾಡಿ ವಿಕಾರಾಬಾದಿನ ಗುಡ್ಡದ ಮೇಲಿನ ಕ್ಷಯದ ದವಾಖಾನೆಯಲ್ಲಿ ಜಾಗ ಮಾಡಿಸಿದರು. ನಾಲ್ಕು ತಿಂಗಳು ಅಲ್ಲಿದ್ದ. ಎರಡು ಸಲ ನೋಡಲು ಹೋಗಿದ್ದೆ. ಮೊದಲ ಸಲ ಅಮೃತಪ್ಪ ಹೇಗಿದ್ದಾನೆ, ಯಾರು ಎಡಗಡೆ ಆಡುತ್ತಿದ್ದಾರೆ ಎಂದೆಲ್ಲ ಕೇಳಿದ. ಎರಡನೇ ಸಲ ಏನೂ ಕೇಳಲಿಲ್ಲ. ಊರಿಗೆ ಕಳಿಸಿಬಿಡಿ ಎಂದು ತಾನೇ ಹಟ ಹಿಡಿದು ಬಂದ. ಐವತ್ತನಾಲ್ಕರ ಫೆಬ್ರವರಿಯಲ್ಲಿ ಭಂಕೂರಿನಲ್ಲಿ ತೀರಿಕೊಂಡ. ಅವನಿಗೆ ಆಗ ಮೂವತ್ತೂ ತುಂಬಿರಲಿಲ್ಲ. ಮಣ್ಣಿಗೆ ತಂಡದವರೆಲ್ಲ ಹೋಗಿದ್ದೆವು. ಹೊತ್ತುಕೊಂಡಾಗ ಹೆಗಲಿಗೆ ಭಾರವೇ ಅನ್ನಿಸಲಿಲ್ಲ.

ಆಮೇಲೆ ಜೈತುನ್ಬೀ ಗೋದಾಮಿನಲ್ಲಿ ವ್ಯಾಗನ್ನಿಗೆ ಕಲ್ಲು ಹೊರುವ ಹೆಂಗಸರ ಜೊತೆ ಸೇರಿದಳು. ದಿನಾ ಎದುರಿಗೆ ಕಾಣುತ್ತಿದ್ದಳು. ಒಂದು ವರ್ಷ ಅವಳ ಮುಖ ನೋಡದೆ ತಪ್ಪಿಸಿಕೊಂಡು ತಿರುಗಿದೆ. ಕೊನೆಗೆ ಒಂದು ಮಧ್ಯಾಹ್ನ, ಅವಳು ಬುತ್ತಿ ಬಿಚ್ಚುತ್ತಿದ್ದಾಗ, ಹೋಗಿ ನಿಂತೆ.

"ಭಾಬಿ, ಅವತ್ತು ನೀವು ಹೇಳಿದ್ದು ನಾ ಸಾಹೇಬ್ರಿಗಿ ಹೇಳಿಲ್ಲ."

ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತದ," ಎಂದಳು. "ನಿಮ್ಮ ಮಾರಿ ನೋಡಿ ಅವತ್ತೇ ಅನಸಿತ್ತು, ಇವರು ಹೇಳಂಗಿಲ್ಲಂತ. ಮರುದಿನ ನಾನೇ ಹೋಗಿ ಹೇಳಿದೆ."

"ಸಾಹೇಬ್ರಿಗಿ?"

"ಹೂಂ. ಎಲ್ಲಾ ಹೇಳಿದೆ. ರಕ್ತದ್ದೂ ಹೇಳಿದೆ. ಅವರು ಭಾಳ ಹೊತ್ತು ನೆಲ ನೋಡಿದ್ರು. ನಾ ನೋಡ್ತೀನಮ್ಮ, ನೀ ಮನಿಗಿ ಹೋಗು ಅಂದ್ರು."

ಅಷ್ಟು ದಿನ ತಪ್ಪು ನನ್ನೊಬ್ಬನದು ಎಂದು ಹೊತ್ತು ತಿರುಗಿದ್ದೆ. ಈಗ ಅದು ಹಗುರವಾಗಬೇಕಿತ್ತು, ಆಗಲಿಲ್ಲ. ಸಾಹೇಬರಿಗೂ ನನಗೂ ಗೊತ್ತಿತ್ತು, ಇಬ್ಬರೂ ಆ ನೀರಿನ ಹರವಿಯ ಹತ್ತಿರ ನಿಂತು ಸುಮ್ಮನಿದ್ದೆವು.

"ನಿಮ್ಮಿಬ್ಬರದೇ ಅಲ್ಲ," ಎಂದಳು ಜೈತುನ್ಬೀ. "ಅವರಿಗೂ ಆಡಬೇಕಿತ್ತು." ಊಟ ಮುಗಿಸಿ, ತಲೆಯ ಮೇಲೆ ಸಿಂಬಿ ಇಟ್ಟುಕೊಂಡು ಎದ್ದು ಹೋದಳು.

ಅಷ್ಟರಲ್ಲಿ ಮಜೀದ ಸಾಹೇಬರು ಹೈದರಾಬಾದಿನಲ್ಲಿ ಮಗಳ ಮನೆ ಸೇರಿದ್ದರು. ಐವತ್ತಾರರಲ್ಲಿ, ಹೈದರಾಬಾದ್ ರಾಜ್ಯ ಒಡೆದು ಮೂರು ಪಾಲಾಗುತ್ತದೆ ಎಂದು ಎಲ್ಲರೂ ಮಾತಾಡುತ್ತಿದ್ದ ದಿನಗಳಲ್ಲಿ, ಇಲಾಖೆಯ ಕೆಲಸಕ್ಕೆ ಅಲ್ಲಿಗೆ ಹೋಗಿದ್ದೆ. ಗೊತ್ತಿದ್ದೂ ಯಾಕೆ ಆಡಿಸಿದಿರಿ ಎಂದು ಕೇಳಿಯೇ ಬಿಡಬೇಕೆಂದು ಅವರ ಮನೆ ಹುಡುಕಿದೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ದನಿಯಿಂದ ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು.

"ಗುರುಲಿಂಗ. ನೀ ಯಾವ ಕಡಿ ಆಡ್ತಿದ್ದಿ?"

"ಎಡಗಡಿ ಬ್ಯಾಕ್, ಸಾಹೇಬ್ರ."

"ಮಲಂಗನ ಹಿಂದ," ಎಂದರು. ಕೈ ಮುಂದೆ ಮಾಡಿ ನನ್ನ ಮುಂಗೈ ಹಿಡಿದುಕೊಂಡರು. "ಅವನಿಗಿ ನಾ ಕೇಳಿದ್ದೆ, ಆಡ್ತಿಯೇನು ಅಂತ. ಆಡ್ತೀನಿ ಅಂದ. ನೀನೂ ಅಲ್ಲೇ ಇದ್ದಿ."

"ಇದ್ದೆ."

"ಕೇಳಬಾರದಿತ್ತು," ಎಂದರು. "ಕೂಡು ಅಂತ ಹೇಳಬೇಕಿತ್ತು."

ನಾನು ಕೇಳಲು ಬಂದದ್ದು ಅಲ್ಲಿಗೆ ಮುಗಿದಿತ್ತು. ಅವರ ಮಗಳು ಚಹಾ ತಂದಿಟ್ಟಳು. ಕುಡಿಯುವ ತನಕ ಸಾಹೇಬರು ನನ್ನ ಕೈ ಬಿಡಲಿಲ್ಲ, ನಾನು ಎಡಗೈಯಲ್ಲಿ ಬಟ್ಟಲು ಹಿಡಿದು ಕುಡಿದೆ. ಸಂಜೆಯ ಗಾಡಿಗೆ ಶಹಾಬಾದಿಗೆ ಹೊರಟೆ. ಅವರು ಹೇಳಿದ್ದನ್ನು ಜೈತುನ್ಬೀಗೆ ಹೇಳಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಮರುದಿನ ಗೋದಾಮಿಗೆ ಹೋದಾಗ ಅವಳು ಆಗಲೇ ಎರಡನೇ ವ್ಯಾಗನ್ನಿಗೆ ಕಲ್ಲು ಏರಿಸುತ್ತಿದ್ದಳು. ನಾನು ಒಳಗೆ ಹೋಗಿ ನನ್ನ ಕೆಲಸ ಹಚ್ಚಿಕೊಂಡೆ.